ಚಾಕುವಿನ ಅಲಗಿಗೆ ಕೈಯಲ್ಲೇ ತೋಡು ತೆಗೆಯುವುದು ಹೇಗೆ, ಯಾವಾಗ ತೆಗೆಯಬಾರದು

ವಿಡಿಯೋದಲ್ಲಿ ಮಾತಾಡಿದ್ದನ್ನೇ ಸ್ವಲ್ಪ ಒಪ್ಪ ಮಾಡಿ, ಬಾಯಲ್ಲಿ ಹೇಳೋಕೆ ಆಗದ ಲೆಕ್ಕಗಳನ್ನು ಸೇರಿಸಿ ಇಲ್ಲಿ ಬರೆದಿದ್ದೇನೆ. ಹಿಂದಿನ ಭಾಗದಲ್ಲಿ ಉಕ್ಕಿನ ಪಟ್ಟಿಯಿಂದ ಒಂದು ಚಿಕ್ಕ ಚಾಕುವಿನ ಆಕಾರ ಕತ್ತರಿಸಿ, ಅರ ಹಾಕಿ ಸಮ ಮಾಡಿದ್ದೆವು. ಆಮೇಲೆ ತುಂಬಾ ಜನ ಕೇಳಿದ್ದು ಒಂದೇ: "ಅಲಗಿನ ಮಗ್ಗುಲಲ್ಲಿ ಉದ್ದಕ್ಕೂ ಒಂದು ಕಾಲುವೆ ಥರ ಇರುತ್ತಲ್ಲ, ಅದನ್ನ ಮನೆಯಲ್ಲೇ ಮಾಡಬಹುದಾ? ಮಿಲ್ಲಿಂಗ್ ಮಷೀನ್ ಬೇಕಾ?"

ಮಾಡಬಹುದು. ಮಷೀನ್ ಬೇಡ. ಆದರೆ ನಿಮ್ಮ ಚಾಕುವಿಗೆ ಅದು ಬೇಕಾ ಅನ್ನೋದನ್ನ ಮೊದಲು ನೋಡೋಣ. ಯಾಕಂದ್ರೆ ಈ ತೋಡಿನ ಬಗ್ಗೆ ಓಡಾಡುವ ಮಾತುಗಳಲ್ಲಿ ಅರ್ಧ ತಪ್ಪು, ಆ ತಪ್ಪು ತಿಳಿವಳಿಕೆಯಿಂದ ಚಾಕು ಮುರಿಯುತ್ತದೆ.

ತೋಡು ಅಂದ್ರೆ ಏನು

ಇಂಗ್ಲಿಷಿನವರು ಇದನ್ನು ಫುಲ್ಲರ್ ಅಂತಾರೆ. ನಿಜಕ್ಕೂ ಅದು ಕಮ್ಮಾರನ ಒಂದು ಉಪಕರಣದ ಹೆಸರು. ದುಂಡು ಮೂತಿಯ ಆ ಉಪಕರಣವನ್ನು ಕೆಂಪಗೆ ಕಾದ ಕಬ್ಬಿಣದ ಮೇಲಿಟ್ಟು ಸುತ್ತಿಗೆಯಲ್ಲಿ ಹೊಡೆದರೆ ಲೋಹ ಅಕ್ಕಪಕ್ಕಕ್ಕೆ ಸರಿದು ತಗ್ಗು ಬೀಳುತ್ತದೆ. ಆ ಹೆಸರೇ ತಗ್ಗಿಗೂ ಅಂಟಿಕೊಂಡಿತು.

ಪುಣೆಯಲ್ಲಿ ಇದರ ಉದಾಹರಣೆಗಳಿಗೆ ಬರವಿಲ್ಲ. ಬಾಜೀರಾವ್ ರಸ್ತೆ ಹತ್ತಿರದ ರಾಜಾ ದಿನಕರ ಕೇಳ್ಕರ್ ಮ್ಯೂಸಿಯಂಗೆ ಹೋದರೆ ನಮ್ಮವರು ಅಡಕತ್ತರಿಗಳ ಸಂಗ್ರಹದ ಮುಂದೆ ನಿಂತುಬಿಡುತ್ತಾರೆ. ಹಾಗೇ ಆಯುಧಗಳ ಕಡೆಗೂ ಒಂದು ಸುತ್ತು ಹಾಕಿ. ಮರಾಠರ ಕಾಲದಲ್ಲಿ 'ಫಿರಂಗಿ' ಅನ್ನೋ ಹೆಸರಿನ ನೇರ ಕತ್ತಿ ಬಳಕೆಯಲ್ಲಿತ್ತು. ಯುರೋಪಿನಿಂದ ಬಂದ ಅಲಗು, ಅದಕ್ಕೆ ಇಲ್ಲಿನ ಹಿಡಿ. ನಮ್ಮ ಪರಂಗಿ ಹಣ್ಣಿನ 'ಪರಂಗಿ'ಯೂ ಇದೇ ಪದ. ಅಂಥ ಅಲಗುಗಳಲ್ಲಿ ಒಂದು, ಎರಡು, ಮೂರು ಸಾಲು ತೋಡು ಇರುವುದುಂಟು. ನೇಪಾಳದ ಖುಕುರಿಯಲ್ಲೂ ಇದೆ, ಅಲ್ಲಿ ಅದಕ್ಕೆ 'ಚಿರ್ರಾ' ಅಂತಾರೆ.

ರಕ್ತ ಹರಿದು ಹೋಗಲಿ ಅಂತ ಮಾಡಿದ್ದು ಅನ್ನೋ ಮಾತನ್ನು ನೀವೂ ಕೇಳಿರುತ್ತೀರಿ. ಅದು ಕಟ್ಟುಕತೆ. ಉದ್ದೇಶ ತೂಕ ಇಳಿಸುವುದು, ಅಷ್ಟೇ.

ಐ-ಬೀಮ್ ವಾದ: ಅರ್ಧ ಸರಿ

ಎಂಜಿನಿಯರಿಂಗ್ ಓದಿದವರು ಇಲ್ಲಿ ಹೇಳುವ ಮಾತು: "ತೋಡು ತೆಗೆದರೆ ಐ-ಬೀಮ್ ಆಗುತ್ತೆ, ಅಲಗು ಇನ್ನೂ ಗಟ್ಟಿಯಾಗುತ್ತೆ." ಲೆಕ್ಕ ಹಾಕಿ ನೋಡೋಣ. 30 ಮಿ.ಮೀ. ಅಗಲ, 4 ಮಿ.ಮೀ. ದಪ್ಪದ ಸರಳ ಪಟ್ಟಿ ಅಂದುಕೊಳ್ಳಿ. ಎರಡೂ ಮಗ್ಗುಲಿಗೆ, ಅಗಲದ ನಟ್ಟನಡುವೆ, 1 ಮಿ.ಮೀ. ಆಳದ ದುಂಡು ತೋಡು. ತೋಡಿನ ಬಾಯಿ ಸುಮಾರು 7.7 ಮಿ.ಮೀ. ಅಗಲ.

ಆ ಜಾಗದಲ್ಲಿ ತೂಕ ಸುಮಾರು ಶೇ. 9 ಇಳಿಯುತ್ತದೆ.

ತರಕಾರಿ ಹೆಚ್ಚುವಾಗ ಒತ್ತುವ ದಿಕ್ಕು, ಅಂದರೆ ಬೆನ್ನಿನಿಂದ ಬಾಯಿಯ ಕಡೆಗೆ, ಬಾಗುವುದನ್ನು ತಡೆಯುವ ಬಿಗಿ ಶೇ. ಅರ್ಧಕ್ಕಿಂತ ಕಡಿಮೆ ಇಳಿಯುತ್ತದೆ. ಈ ದಿಕ್ಕಿನಲ್ಲಿ ಕೆಲಸ ಮಾಡುವುದು ಮೇಲಿನ, ಕೆಳಗಿನ ಅಂಚಿನ ಲೋಹ. ನಡುವಿನದ್ದು ಸುಮ್ಮನೆ ಕೂತಿರುತ್ತದೆ. ಐ-ಬೀಮ್ ವಾದ ಸರಿಯಾಗುವುದು ಇಲ್ಲಿ.

ಆದರೆ ಅಡ್ಡಕ್ಕೆ, ಅಂದರೆ ಅಲಗನ್ನು ಮಗ್ಗುಲಿಗೆ ಬಗ್ಗಿಸಿದಾಗ, ಬಿಗಿ ಸುಮಾರು ಶೇ. 17 ಇಳಿಯುತ್ತದೆ. ಅಡ್ಡದ ಬಿಗಿ ದಪ್ಪದ ಘನಕ್ಕೆ ಸಮಾನುಪಾತ. ತೋಡಿನ ತಳದಲ್ಲಿ ದಪ್ಪ 4ರಿಂದ 2ಕ್ಕೆ ಇಳಿದರೆ, ಆ ಗೆರೆಯ ಪಾಲು ಎಂಟರಲ್ಲಿ ಒಂದಕ್ಕೆ ಬಂತು. ತೂಕ ಇಳಿದದ್ದರ ಎರಡರಷ್ಟು ಬಿಗಿ ಕಳಕೊಂಡಂತೆ.

ಅಂದರೆ ಕೊರೆದು ತೆಗೆದ ತೋಡು ಯಾವ ದಿಕ್ಕಿನಲ್ಲೂ ಅಲಗನ್ನು ಗಟ್ಟಿ ಮಾಡುವುದಿಲ್ಲ. ಕಮ್ಮಾರ ಕಾಯಿಸಿ ಒತ್ತಿದಾಗ ಲೋಹ ಕಳೆದುಹೋಗದೆ ಪಕ್ಕಕ್ಕೆ ಸರಿದು ಅಲಗು ಅಗಲವಾಗುತ್ತದೆ, ಆ ಲೆಕ್ಕ ಬೇರೆ. ನಾವು ಮಾಡುವುದು ಬರೀ ಕಳೆಯುವ ಲೆಕ್ಕ. ನಿಜವಾದ ಚಾಕು ಬಾಯಿಯ ಕಡೆಗೆ ತೆಳ್ಳಗಾಗುತ್ತಾ ಹೋಗುವುದರಿಂದ ತೋಡು ಬೆನ್ನಿನ ಕಡೆಗೆ ಸರಿಯುತ್ತದೆ. ಅಂಕಿಗಳು ಬದಲಾದರೂ ಯಾವುದು ಹೆಚ್ಚು ಯಾವುದು ಕಡಿಮೆ ಅನ್ನೋದು ಬದಲಾಗಲ್ಲ.

ನಮ್ಮ ಅಡುಗೆಮನೆಗೆ ಇದು ಯಾಕೆ ಮುಖ್ಯ

ನಮ್ಮ ಮನೆಗಳಲ್ಲಿ ಚಾಕು ಬರೀ ಹೆಚ್ಚುವುದಿಲ್ಲ. ಕಾಯಿ ಒಡೆದ ಮೇಲೆ ಕಡಿಯಿಂದ ತಿರುಳು ಎಬ್ಬಿಸುವುದು ಯಾವುದರಲ್ಲಿ? ಕೈಗೆ ಸಿಕ್ಕ ಚಾಕುವಿನಲ್ಲೇ. ಚಿಪ್ಪಿಗೂ ತಿರುಳಿಗೂ ನಡುವೆ ತುದಿ ತೂರಿಸಿ ಮೀಟುತ್ತೇವೆ. ಪೂರ್ತಿ ಅಡ್ಡದ ಹೊರೆ, ತೋಡು ತೆಗೆದ ಅಲಗು ಸೋಲುವ ದಿಕ್ಕು ಅದೇ.

ವಾಕಡ್‌ನಲ್ಲಿ ನನ್ನ ಗೆಳೆಯನೊಬ್ಬನ ಮನೆಯಲ್ಲಿ ಆದದ್ದು ಇದೇ. ಅಂದಕ್ಕೆ ಅಂತ ಎಲ್ಲಿಂದಲೋ ತರಿಸಿದ ತೋಡಿನ ಚಾಕು. ಅವನ ಅಮ್ಮ ಊರಿಂದ ಬಂದವರು ಅದರಲ್ಲೇ ಕಾಯಿ ಎಬ್ಬಿಸಿದರು. ಹಿಡಿಯ ಹತ್ತಿರ, ತೋಡು ಮುಗಿಯುವ ಜಾಗದಲ್ಲಿ ಟಕ್ ಅಂತ ಮುರಿದು, ತುಂಡು ಅವರ ಕನ್ನಡಕಕ್ಕೆ ಬಡಿಯಿತು. ಕನ್ನಡಕ ಇತ್ತು, ಬಚಾವ್. ಮುರಿದ ತುಂಡನ್ನು ನಾನು ನೋಡಿದೆ: ತೋಡಿನ ಕೊನೆ ಉಳಿಯಲ್ಲಿ ಕಡಿದ ಹಾಗೆ ಚೂಪು ಮೂಲೆಯಾಗಿತ್ತು, ಒಡಕು ಅಲ್ಲಿಂದಲೇ ಶುರು. ಚೂಪು ಮೂಲೆ ಇದ್ದಲ್ಲಿ ಒತ್ತಡ ಗುಂಪುಗೂಡುತ್ತದೆ.

ಹಾಗಾಗಿ ನಿಯಮ ಸರಳ. ಮೀಟುವ ಚಾಕುವಿಗೆ ತೋಡು ಬೇಡ. ಕತ್ತರಿಸುವ ಕೆಲಸಕ್ಕೆ ಮಾತ್ರ ಅಂತ ಇಟ್ಟುಕೊಳ್ಳುವ ಚಾಕುವಿಗೆ ತೆಗೆಯಬಹುದು, ಅದೂ ದುಂಡು ತಳ, ದುಂಡು ಕೊನೆ ಇಟ್ಟು.

ಕೈಯಲ್ಲೇ ಯಾಕೆ

ಆಂಗಲ್ ಗ್ರೈಂಡರ್‌ನಲ್ಲಿ ಹತ್ತು ನಿಮಿಷದ ಕೆಲಸ, ನಿಜ. ಆದರೆ ನಾವಿರುವುದು ಹಿಂಜವಡಿ, ಬಾಣೇರ್, ಖರಾಡಿಯ ಫ್ಲ್ಯಾಟುಗಳಲ್ಲಿ. ಭಾನುವಾರ ಮಧ್ಯಾಹ್ನ ಬಾಲ್ಕನಿಯಲ್ಲಿ ಗ್ರೈಂಡರ್ ಹಾಕಿದರೆ ಸೊಸೈಟಿ ಗುಂಪಿನಲ್ಲಿ ಮೊದಲ ಮೆಸೇಜ್ ನಮ್ಮ ಮೇಲೆಯೇ. ಕಿಡಿ ಹಾರುತ್ತೆ, ಕಬ್ಬಿಣದ ಧೂಳು ಟೈಲ್ಸ್ ಮೇಲೆ ಕೂತು, ನೀರು ಬಿದ್ದು, ತುಕ್ಕಿನ ಕಲೆ ಉಳಿಯುತ್ತೆ. ಕೈಯಲ್ಲಿ ಹೆರೆದರೆ ಧೂಳಿನ ಬದಲು ಸಣ್ಣ ಸುರುಳಿ ಬರುತ್ತದೆ, ಸದ್ದು ಪೆನ್ಸಿಲ್ ಹೆರೆದಷ್ಟೇ. ಜಪಾನಿನ ಕತ್ತಿ ಮಾಡುವವರು 'ಸೆನ್' ಅನ್ನೋ ಎರಡು ಹಿಡಿಯ ಹೆರೆಯುವ ಉಪಕರಣದಲ್ಲಿ ಇದೇ ಕೆಲಸ ಮಾಡುತ್ತಾ ಬಂದಿದ್ದಾರೆ.

ಉಪಕರಣ

ಮೊದಲ ವರ್ಷದ ಬಿ.ಇ. ಫಿಟ್ಟಿಂಗ್ ಶಾಪ್ ನೆನಪಿದೆಯಲ್ವಾ? ಅಷ್ಟು ಕೈಚಳಕ ಸಾಕು. ರವಿವಾರ ಪೇಠದ ಬೋಹರಿ ಆಳಿಯಲ್ಲಿ ಎಲ್ಲವೂ ಸಿಗುತ್ತದೆ. ಅರಕ್ಕೆ ಅಲ್ಲಿ 'ಕಾನಸ್' ಅಂತ ಕೇಳಿ.

1. 25 ಮಿ.ಮೀ. ಚೌಕದ ಮೈಲ್ಡ್ ಸ್ಟೀಲ್ ಸರಳು, 100 ಮಿ.ಮೀ. ಉದ್ದ. ಇದು ಮೈ. ನಡುವೆ 10 ಮಿ.ಮೀ. ತೂತು ಕೊರೆದು, ಪಕ್ಕದಿಂದ ಟ್ಯಾಪ್ ಹೊಡೆದು ಎಂ6 ಸ್ಕ್ರೂ ಹಾಕಿ.

2. ಆ ತೂತಿಗೆ 10 ಮಿ.ಮೀ. ದುಂಡು ಹೆಚ್‌ಎಸ್‌ಎಸ್ ಟೂಲ್ ಬಿಟ್. ಅದರ ತುದಿಯನ್ನು ಎಂ8 ವಾಷರ್‌ನ ಹೊರ ಅಂಚಿಗೆ ಹೊಂದುವಂತೆ ದುಂಡಗೆ ಉಜ್ಜಿಸಿ. ಆ ವಾಷರ್‌ನ ಹೊರ ವ್ಯಾಸ 16, ಅಂದರೆ ತ್ರಿಜ್ಯ 8. ತೋಡಿನ ಅಗಲ = 2√(2×8×1 − 1×1) = 7.7 ಮಿ.ಮೀ. ಮೇಲಿನ ಲೆಕ್ಕದ ತೋಡು ಇದೇ. ಹೆರೆಯುವ ಮುಖ ನೆಟ್ಟಗೆ ಇರಲಿ ಅಥವಾ ಒಂಚೂರು ಹಿಂದಕ್ಕೆ ವಾಲಲಿ. ಮುಂದಕ್ಕೆ ವಾಲಿದರೆ ಅಲಗಿನೊಳಗೆ ಕಚ್ಚಿಕೊಂಡು ಗಡಗಡ ಅನ್ನುತ್ತದೆ. ಹಿಂಬದಿಗೆ 5ರಿಂದ 8 ಡಿಗ್ರಿ ಬಿಡುವು ಕೊಡಿ.

3. ಮೈಯ ಪಕ್ಕಕ್ಕೆ ಒಂದು ಪಟ್ಟಿ, 3 ಮಿ.ಮೀ. ಕೆಳಗೆ ಇಳಿಬಿದ್ದಿರುವಂತೆ. ಇದು ಅಲಗಿನ ಬೆನ್ನಿಗೆ ತಾಗಿಕೊಂಡು ಜಾರುತ್ತದೆ, ತೋಡು ಬೆನ್ನಿಗೆ ಸಮಾನಾಂತರವಾಗಿ ಬರುತ್ತದೆ. ಬೆನ್ನು ಬಾಗಿದ್ದರೆ ಪಟ್ಟಿಯ ಬದಲು ಎರಡು ಪಿನ್ ಹಾಕಿ. ಬೆನ್ನಿನಲ್ಲಿರುವ ಡೊಂಕೆಲ್ಲ ತೋಡಿಗೂ ಇಳಿಯುತ್ತದೆ, ಅದಕ್ಕೇ ಮೊದಲು ಬೆನ್ನನ್ನು ನುಣುಪು ಮಾಡಿಕೊಳ್ಳಿ.

ಹೆರೆಯುವ ಕ್ರಮ

ಉಕ್ಕು ಮೆತ್ತಗಿರಬೇಕು, ಅಂದರೆ ಅನೀಲ್ ಆಗಿರಬೇಕು. ಅರ ತಿಕ್ಕಿ ನೋಡಿ: ಕಚ್ಚಿದರೆ ಸರಿ, ಗಾಜಿನ ಮೇಲೆ ಜಾರಿದಂತೆ ಜಾರಿದರೆ ಅದು ಈಗಾಗಲೇ ಹದ ಕೊಟ್ಟ ಉಕ್ಕು. ಊರಲ್ಲಿ ಕಮ್ಮಾರರು ಬಳಸುವ ಲಾರಿ ಕಮಾನ್ ಪಟ್ಟಿ ಹದ ಕೊಟ್ಟದ್ದು. ಅದನ್ನು ಅಯಸ್ಕಾಂತ ಹಿಡಿಯದಷ್ಟು ಕೆಂಪಗೆ ಕಾಯಿಸಿ ರಾತ್ರಿಯಿಡೀ ಬೂದಿಯಲ್ಲಿ ಹೂತಿಡಬೇಕು. ಫ್ಲ್ಯಾಟಿನಲ್ಲಿ ಅದಾಗದ ಮಾತು. ಬೇರಿಂಗ್‌ಗೆ ಬಳಸುವ ಇಎನ್-31 ಉಕ್ಕನ್ನು ಅನೀಲ್ ಆದ ಸ್ಥಿತಿಯಲ್ಲೇ ಕೊಳ್ಳುವುದು ಸುಲಭ.

ಅಲಗನ್ನು ಹಲಗೆಯ ಮೇಲೆ ಎರಡು ಜಿ-ಕ್ಲಾಂಪ್ ಹಾಕಿ ಬಿಗಿಯಿರಿ, ಬೆನ್ನು ಹಲಗೆಯಂಚಿನಿಂದ ಚೂರು ಆಚೆ ಇರಲಿ. ಬಾಯಿಗೆ ಇನ್ನೂ ಸಾಣೆ ಹಿಡಿದಿರಬಾರದು. ತೋಡು ಎಲ್ಲಿ ಶುರು, ಎಲ್ಲಿ ಕೊನೆ ಅನ್ನೋದಕ್ಕೆ ಎರಡು ಮರದ ತುಂಡು ಅಡ್ಡ ಕಟ್ಟಿ. ಹಿಡಿಯೊಳಗೆ ಹೋಗುವ ಭಾಗಕ್ಕೂ ತುದಿಗೂ ತೋಡು ಮುಟ್ಟದಿರಲಿ. 150 ಮಿ.ಮೀ. ಅಲಗಿಗೆ ನಡುವಿನ 100 ಮಿ.ಮೀ. ಸಾಕು.

ಬಿಟ್ ಎಷ್ಟು ಹೊರಗಿರಬೇಕು ಅಂತ ಅಳೆಯೋಕೆ ಆಫೀಸಿನ ಎ4 ಹಾಳೆಯೇ ಗೇಜ್. 80 ಜಿಎಸ್ಎಂ ಹಾಳೆಯ ದಪ್ಪ ಸುಮಾರು 0.1 ಮಿ.ಮೀ. ಗಾಜಿನ ಮೇಲೆ, ಮೈಯ ಎರಡು ತುದಿಗಳ ಕೆಳಗೆ ಒಂದೊಂದು ಹಾಳೆಯ ತುಂಡಿಟ್ಟು, ಬಿಟ್ ಅನ್ನು ಗಾಜಿಗೆ ತಾಗುವಷ್ಟು ಇಳಿಸಿ ಸ್ಕ್ರೂ ಬಿಗಿಯಿರಿ. 0.1 ಮಿ.ಮೀ. ಸಿಕ್ಕಿತು. ಒಂದೆರಡು ಹನಿ ಎಣ್ಣೆ ಹಾಕಿ ಹೆರೆಯಿರಿ. ಹದಿನೈದಿಪ್ಪತ್ತು ಸಲ ಎಳೆದ ಮೇಲೆ ಸುರುಳಿ ಬರುವುದು ನಿಲ್ಲುತ್ತದೆ. ಆಗ ಎರಡೂ ಕಡೆ ಇನ್ನೊಂದೊಂದು ಹಾಳೆ. ಹತ್ತು ಹಾಳೆಗೆ 1 ಮಿ.ಮೀ. ಅರ್ಧ ಎಳೆತ ಒಂದು ದಿಕ್ಕಿಗೆ, ಉಳಿದರ್ಧ ಬಿಟ್ ತಿರುಗಿಸಿ ಇನ್ನೊಂದು ದಿಕ್ಕಿಗೆ ಮಾಡಿದರೆ ಎರಡೂ ಕೊನೆ ಒಂದೇ ಥರ ಬರುತ್ತವೆ. ನನಗೆ ಒಂದು ಮಗ್ಗುಲಿಗೆ ಒಂದು ಸಂಜೆ ಹಿಡಿಯುತ್ತದೆ.

ಎರಡನೇ ಮಗ್ಗುಲು ಮಾಡುವಾಗ ನಡುವೆ ಎಷ್ಟು ಉಳಿದಿದೆ ಅಂತ ತಿಳಿಯಬೇಕು. ವರ್ನಿಯರ್ ಬಾಯಿ ತೋಡಿನೊಳಗೆ ಇಳಿಯಲ್ಲ. ಎರಡು 6 ಮಿ.ಮೀ. ಬೇರಿಂಗ್ ಗುಂಡು ತಗೊಂಡು ಎರಡೂ ತೋಡಿನಲ್ಲಿ ಎದುರುಬದುರು ಇಟ್ಟು ಅಳೆಯಿರಿ. 14 ಬಂದರೆ 12 ಕಳೆದು 2 ಮಿ.ಮೀ. ಉಳಿದಿದೆ ಅಂತ ಅರ್ಥ. ಅದಕ್ಕಿಂತ ಕೆಳಗೆ ಇಳಿಯಬೇಡಿ.

ಕೊನೆಗೆ 14 ಮಿ.ಮೀ. ದುಂಡು ಮರದ ಕಡ್ಡಿಗೆ ಎಮರಿ ಪೇಪರ್ ಸುತ್ತಿ 120, 220, 400 ಅಂತ ಉಜ್ಜಿ. ಕೊನೆಗಳ ಮೆಟ್ಟಿಲು ಪೂರ್ತಿ ಹೋಗಿ ಬೆರಳಿಗೆ ಇಳಿಜಾರು ಸಿಗುವವರೆಗೂ ಬಿಡಬೇಡಿ. ಗೆಳೆಯನ ಚಾಕುವಿನಲ್ಲಿ ಆಗದೆ ಉಳಿದ ಕೆಲಸ ಇದೊಂದೇ.

ಹದ, ಕಾನೂನು, ಕಣ್ಣು

ಹದ ಕೊಡುವುದು ತೋಡು ಮುಗಿದ ಮೇಲೆ. ಭೋಸರಿ ಕಡೆ ಹೀಟ್ ಟ್ರೀಟ್‌ಮೆಂಟ್ ಮಾಡುವವರಿದ್ದಾರೆ, ಅವರಿಗೆ ಕೊಡಿ. ಇಎನ್-31 ಅನ್ನು ಸುಮಾರು 820ರಿಂದ 840 ಡಿಗ್ರಿಗೆ ಕಾಯಿಸಿ ಎಣ್ಣೆಯಲ್ಲಿ ಅದ್ದಿ, ಆಮೇಲೆ ಸುಮಾರು 200 ಡಿಗ್ರಿಯಲ್ಲಿ ಟೆಂಪರ್ ಮಾಡುತ್ತಾರೆ. ಎರಡು ಮಗ್ಗುಲ ತೋಡು ಒಂದೇ ಆಳ ಇಲ್ಲದಿದ್ದರೆ ಎಣ್ಣೆಗೆ ಅದ್ದಿದಾಗ ಅಲಗು ಬಾಗುವ ಸಂಭವ ಹೆಚ್ಚು. ಒಂದೇ ಮಗ್ಗುಲಿಗೆ ತೋಡು ತೆಗೆಯಬೇಡಿ ಅನ್ನೋದು ಅದಕ್ಕೇ.

1959ರ ಶಸ್ತ್ರಾಸ್ತ್ರ ಕಾಯ್ದೆಯ ನಿಯಮಗಳು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲದ ಅಲಗನ್ನು ಆಯುಧಗಳ ಸಾಲಿಗೆ ಸೇರಿಸುತ್ತವೆ. ಮನೆ, ಕೃಷಿ, ವಿಜ್ಞಾನ, ಕೈಗಾರಿಕೆಯ ಬಳಕೆಗೆಂದು ಮಾಡಿದ್ದಕ್ಕೆ ವಿನಾಯಿತಿ ಇದೆ. ಕಠಾರಿಗಳು ಆಯುಧಗಳ ಸಾಲಿನಲ್ಲೇ ಇವೆ. ನಮ್ಮದು 6 ಇಂಚಿನ, ಒಂದೇ ಬಾಯಿಯ ಅಡುಗೆ ಚಾಕು. ಹಾಗಂತ ಬ್ಯಾಗಿನಲ್ಲಿ ಹಾಕಿಕೊಂಡು ಓಡಾಡಬೇಡಿ. ಮಹಾರಾಷ್ಟ್ರ ಪೊಲೀಸ್ ಕಾಯ್ದೆಯ 37ನೇ ಕಲಮಿನಡಿ ಆಯುಧ ಒಯ್ಯುವುದನ್ನು ನಿಷೇಧಿಸುವ ಆದೇಶ ಇಲ್ಲಿ ಆಗಾಗ ಹೊರಡುತ್ತದೆ.

ಕಿಡಿ ಇಲ್ಲ ಅಂತ ಕನ್ನಡಕ ಬಿಡಬೇಡಿ. ಸುರುಳಿಗಳು ಸೂಜಿಯಂತೆ ಚುಚ್ಚುತ್ತವೆ. ಅಯಸ್ಕಾಂತವನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ನೆಲದ ಮೇಲೆ ಆಡಿಸಿ, ಚೀಲ ಮಗುಚಿ ಕಸಕ್ಕೆ ಹಾಕಿ. ಅಂಬೆಗಾಲಿಡುವ ಮಗು ಇರುವ ಮನೆಯಲ್ಲಂತೂ ಇದನ್ನು ಎರಡು ಸಲ ಮಾಡಿ.

ಇನ್ನು ಲಾಭದ ಲೆಕ್ಕ. 150 ಮಿ.ಮೀ. ಉದ್ದದ ಆ ಪಟ್ಟಿ ಸುಮಾರು 141 ಗ್ರಾಂ, ತೋಡಿನಿಂದ ಇಳಿಯುವುದು ಸುಮಾರು 8 ಗ್ರಾಂ. ಮಾರುದ್ದದ ಕತ್ತಿ ಬೀಸುವವನಿಗೆ ತೋಡಿನಿಂದ ತೋಳಿಗೆ ಆರಾಮ ಸಿಗುತ್ತದೆ. ಈರುಳ್ಳಿ ಹೆಚ್ಚುವ ನಮಗೆ ಗೊತ್ತೇ ಆಗಲ್ಲ. ಚಿಕ್ಕ ಚಾಕುವಿನಲ್ಲಿ ತೋಡು ಅಂದಕ್ಕೆ, ಮತ್ತೆ ದಿನವಿಡೀ ಸ್ಕ್ರೀನ್ ನೋಡಿದ ಕೈಗೆ ಹತ್ತು ಹಾಳೆಯಷ್ಟು ನಿಧಾನದ ಒಂದು ಕೆಲಸ ಸಿಗಲಿ ಅಂತ. ಅಷ್ಟು ಸಾಕು ಅನ್ನಿಸಿದರೆ ಮಾಡಿ. ಮಾಡಿದ ಮೇಲೆ ಮನೆಯಲ್ಲಿ ಎಲ್ಲರಿಗೂ, ಮುಖ್ಯವಾಗಿ ಊರಿಂದ ಬರುವ ಅಮ್ಮನಿಗೆ, ಒಂದು ಮಾತು ಹೇಳಿಡಿ: ಕಾಯಿ ಎಬ್ಬಿಸೋಕೆ ಬೇರೆ ಚಾಕು ಇದೆ.