ಖಾಸಗಿ ಜಾಲಮಾರ್ಗಗಳ ವಿಸ್ತರಣಕ್ಷಮತೆಯ ಅಳತೆ

ಸಾರ್ವಜನಿಕ ಜಾಲದೊಳಗೇ ರಕ್ಷಿತ ಸುರಂಗಗಳನ್ನು ಕಲ್ಪಿಸಿ ದೂರದ ಕಚೇರಿಗಳನ್ನು ಜೋಡಿಸುವುದು ವಿ.ಪಿ.ಎನ್. ಪದ್ಧತಿ. ಇದರ ವಿಸ್ತರಣಕ್ಷಮತೆಯನ್ನು ಅಳೆಯಲು ಹುಬ್ಬಳ್ಳಿ-ಧಾರವಾಡದ 82 ವಾರ್ಡುಗಳಲ್ಲಿ ಒಂದೊಂದು ಕಚೇರಿಯಿದೆಯೆಂದು ನಾವು ಊಹಿಸಿಕೊಳ್ಳೋಣ. ಪ್ರತಿಯೊಂದೂ ಉಳಿದೆಲ್ಲವುಗಳೊಡನೆ ನೇರವಾಗಿ ಕೂಡಬೇಕಾದರೆ 3,321 ಸುರಂಗಗಳು ಬೇಕು. ಕಚೇರಿಗಳು ಇಮ್ಮಡಿಯಾದರೆ ಸುರಂಗಗಳು 13,366, ಎಂದರೆ ಸುಮಾರು ನಾಲ್ಮಡಿ. ಹುಬ್ಬಳ್ಳಿಯ ಒಂದು ಕಚೇರಿಯನ್ನೇ ಕೇಂದ್ರವಾಗಿಸಿದರೆ 81 ಸಾಕಾದರೂ, ಅವೆಲ್ಲವನ್ನೂ ಅಲ್ಲಿಯ ಒಂದೇ ರೂಟರು ಹೊರಬೇಕು. ಧಾರವಾಡದ ನೆರೆಹೊರೆಯ ವಾರ್ಡುಗಳ ಸಂದೇಶವೂ ಹುಬ್ಬಳ್ಳಿಯನ್ನು ಬಳಸಿ ಬರಬೇಕು.

2006ರ ಆರ್.ಎಫ್.ಸಿ. 4364 ವಿವರಿಸುವ ಕ್ರಮದಲ್ಲಿ ಮಾರ್ಗಪಟ್ಟಿಗಳ ಹೊರೆ ಸೇವಾಸಂಸ್ಥೆಯ ಅಂಚಿನ ರೂಟರುಗಳಲ್ಲಿ ಹಂಚಿಹೋಗುತ್ತದೆ. ನಡುವಿನ ರೂಟರುಗಳು ಗ್ರಾಹಕರ ಮಾರ್ಗಗಳನ್ನು ಅರಿಯಬೇಕಿಲ್ಲ. ಆದುದರಿಂದ ಸುರಂಗಗಳ ಮೊತ್ತಕ್ಕಿಂತ, ಹೊಸ ಕಚೇರಿಯೊಂದು ಸೇರಿದಾಗ ಎಷ್ಟು ರೂಟರುಗಳನ್ನು ತಿದ್ದಬೇಕು, ಅತಿ ಹೆಚ್ಚು ಹೊರೆಹೊತ್ತ ರೂಟರಿನ ಭಾರ ಎಷ್ಟು ಬೆಳೆಯುತ್ತದೆ ಎಂಬುದೇ ಸರಿಯಾದ ಅಳತೆಗೋಲೆಂದು ನಮ್ಮ ಅಭಿಪ್ರಾಯ.