ಕುಕ್ಕರ್ ವಿಷಲ್ ಮತ್ತು ರಾಗಿ: ಅಕೌಂಟ್ಸ್ ಬಿಟ್ಟು ನಾಯಿ ಟ್ರೇನರ್ ಆದ ಲೆಕ್ಕ

(ಸಂಚಿಕೆಯ ಬರಹರೂಪ. ಓದೋಕೆ ಅನುಕೂಲ ಆಗಲಿ ಅಂತ ಅಲ್ಲಲ್ಲಿ ಚಿಕ್ಕದು ಮಾಡಲಾಗಿದೆ.)

ಅಕೌಂಟ್ಸ್ ಕೆಲಸ ಬಿಟ್ಟು ನಾಯಿ ಟ್ರೇನಿಂಗ್ ಮಾಡ್ತಿದ್ದೀನಿ ಅಂತ ಹಿಂದಿನ ಸಂಚಿಕೆಯಲ್ಲಿ ಒಂದೇ ಒಂದು ಸಾಲು ಹೇಳಿದ್ದೆ. ಅದಕ್ಕೆ ಬಂದ ಮೆಸೇಜ್‌ಗಳಲ್ಲಿ ಹೆಚ್ಚಿನವು ಒಂದೇ ಥರ: "ಬ್ರೋ, ನನಗೂ ನಾಯಿ ಅಂದ್ರೆ ಪ್ರಾಣ. ನಾನೂ ಕೆಲಸ ಬಿಡ್ಲಾ?" ಉತ್ತರ ಕೊನೆಗೆ ಕೊಡ್ತೀನಿ. ಅದಕ್ಕೂ ಮೊದಲು ನಮ್ಮನೆ ನಾಯಿ ಕಥೆ ಕೇಳಿ.

ಕಚ್ಚಿದ ದಿನ

ರಾಗಿ ಬೀದಿಯಿಂದ ತಂದ ಮರಿ. ಮುದ್ದೆ ಬಣ್ಣ ನೋಡಿ ಅಮ್ಮ ಆ ಹೆಸರಿಟ್ಟರು. ವಿಜಯನಗರದಲ್ಲಿ ಬಾಡಿಗೆ ಮನೆ, ಎರಡನೇ ಮಹಡಿ. ರಾಗಿಗೆ ಕುಕ್ಕರ್ ವಿಷಲ್ ಅಂದ್ರೆ ಭಯ. ಕೂಗಿದ ತಕ್ಷಣ ಬೊಗಳೋದು, ಮಂಚದ ಕೆಳಗೆ ನುಗ್ಗೋದು, ಹತ್ರ ಹೋದ್ರೆ ಗುರ್ ಅನ್ನೋದು. ಓನರ್ ಆಂಟಿ ಎರಡು ಸಲ ಮೇಲೆ ಬಂದು ಹೇಳಿಹೋದರು.

ಒಬ್ಬ ಟ್ರೇನರ್‌ನ ಕರೆಸಿದೆ. ಅವರು ಕುತ್ತಿಗೆ ಬಿಗಿಯೋ ಚೈನ್ ಹಾಕಿ, ಅವಳು ಗುರ್ ಅಂದಾಗೆಲ್ಲ ಎಳೆದರು. "ಮನೇಲಿ ಬಾಸ್ ಯಾರು ಅಂತ ನಾಯಿಗೆ ಗೊತ್ತಾಗ್ಬೇಕು ಸಾರ್" ಅಂದರು. ಎರಡು ವಾರಕ್ಕೆ ಗುರ್ ಅನ್ನೋದು ನಿಂತೇಹೋಯ್ತು. ನಾವು ಖುಷಿಯಾಗಿ ದುಡ್ಡು ಕೊಟ್ಟು ಕಳಿಸಿದ್ವಿ.

ಮೂರನೇ ವಾರ ಒಂದು ಬೆಳಗ್ಗೆ ವಿಷಲ್ ಕೂಗ್ತು. ಅಮ್ಮ ಅವಳ ಕಾಲರ್ ಹಿಡಿಯೋಕೆ ಕೈ ಹಾಕಿದರು. ಗುರ್ ಇಲ್ಲ, ಬೊಗಳಲಿಲ್ಲ, ಸೀದಾ ಕಚ್ಚಿದಳು. ಅಮ್ಮನ ಕೈಯನ್ನ ನಲ್ಲಿ ಕೆಳಗಿಟ್ಟು ಹದಿನೈದು ನಿಮಿಷ ಸೋಪು ಹಾಕಿ ತೊಳೆದು, ಆಸ್ಪತ್ರೆಗೆ ಹೋಗಿ ಇಂಜೆಕ್ಷನ್ ಶುರು ಮಾಡಿಸಿದೆ. ರಾಗಿಗೆ ರೇಬಿಸ್ ಲಸಿಕೆ ಆಗಿತ್ತು. ಆದರೂ ಡಾಕ್ಟರ್ ಹತ್ರ ಹೋಗೋದನ್ನ ಬಿಡಬಾರದು, ಇದೊಂದು ನೆನಪಿಟ್ಟುಕೊಳ್ಳಿ.

ಸಂಜೆ ದೊಡ್ಡಪ್ಪ ಬಂದು, "ಎಲ್ಲಾದ್ರೂ ದೂರ ಬಿಟ್ಟು ಬಾರೋ" ಅಂದರು. ಅಮ್ಮ ಏನೂ ಮಾತಾಡಲಿಲ್ಲ. ನನಗೆ ಜಾಸ್ತಿ ಭಯ ಆಗಿದ್ದು ಅದಕ್ಕೇ. ಕೊನೆಗೆ ಅವರು ಹೇಳಿದ್ದು ಇಷ್ಟೇ: "ಒಂದು ತಿಂಗಳು ನೋಡ್ತೀನಿ ಕಣೋ. ಆಮೇಲೆ ನನ್ನ ಕೇಳ್ಬೇಡ."

ಗುರ್ ಅಂದ್ರೆ ಹಾರ್ನ್

ಆ ತಿಂಗಳಲ್ಲಿ ನಾನು ಕಲಿತ ಮೊದಲ ಪಾಠ ಇದು. ಗುರ್ ಅನ್ನೋದು ನಾಯಿ ಕೊಡೋ ಎಚ್ಚರಿಕೆ. "ನನಗೆ ಹೆದರಿಕೆ ಆಗ್ತಿದೆ, ದೂರ ಇರಿ" ಅಂತ ಅರ್ಥ. ಗುರ್ ಅಂದಾಗ ಶಿಕ್ಷೆ ಕೊಟ್ರೆ ಭಯ ಹೋಗಲ್ಲ, ಎಚ್ಚರಿಕೆ ಮಾತ್ರ ಹೋಗುತ್ತೆ. ಗಾಡಿಯ ಹಾರ್ನ್ ಕಿತ್ತುಹಾಕಿ ಬ್ರೇಕ್ ಸರಿ ಮಾಡಿದ್ದೀವಿ ಅಂದುಕೊಂಡ ಹಾಗೆ. ಮೇಲಾಗಿ ರಾಗಿ ತಲೆಯಲ್ಲಿ ಲೆಕ್ಕ ಹೀಗೆ ಕೂತಿತ್ತು: ವಿಷಲ್ ಕೂಗುತ್ತೆ, ಕುತ್ತಿಗೆ ಹತ್ರ ಕೈ ಬರುತ್ತೆ, ನೋವಾಗುತ್ತೆ. ಅಮ್ಮನ ಕೈ ಬಂದಿದ್ದೂ ಅಲ್ಲಿಗೇ.

ಈ "ಬಾಸ್" ಕಥೆ ಎಲ್ಲಿಂದ ಬಂತು? 1947ರಲ್ಲಿ ರುಡಾಲ್ಫ್ ಶೆಂಕೆಲ್ ಅನ್ನೋ ವಿಜ್ಞಾನಿ, ಕೂಡಿಹಾಕಿದ್ದ ತೋಳಗಳನ್ನ ನೋಡಿ ಅವುಗಳ ಮೇಲಾಟದ ಬಗ್ಗೆ ಬರೆದರು. 1970ರಲ್ಲಿ ಅಮೆರಿಕದ ಡೇವಿಡ್ ಮೆಕ್ ಪುಸ್ತಕದಿಂದ ಈ "ಆಲ್ಫಾ" ಅನ್ನೋ ಮಾತು ಜನಪ್ರಿಯ ಆಯ್ತು. ಆದರೆ ಅದೇ ಮೆಕ್ ಕಾಡಿನ ತೋಳಗಳನ್ನ ವರ್ಷಗಟ್ಟಲೆ ನೋಡಿ, 1999ರಲ್ಲಿ ತಿದ್ದಿದರು: ಕಾಡಿನ ತೋಳದ ಗುಂಪು ಅಂದ್ರೆ ಸಾಮಾನ್ಯವಾಗಿ ಅಪ್ಪ, ಅಮ್ಮ, ಮಕ್ಕಳ ಸಂಸಾರ. ತಿದ್ದುಪಡಿ ಬಂದು ಇಷ್ಟು ವರ್ಷ ಆದ್ರೂ ನಮ್ಮನೆಗೆ ಬಂದಿದ್ದು ಹಳೇ ಎಡಿಶನ್.

ವಿಷಲ್‌ಗೆ ಚಿಕನ್

ಹಾಗಾದ್ರೆ ಭಯ ತೆಗೆಯೋದು ಹೇಗೆ? ಪಾವ್ಲೊವ್ ಹೆಸರು ಶಾಲೆಯಲ್ಲಿ ಕೇಳಿರ್ತೀರ. ಊಟಕ್ಕೆ ಮುಂಚೆ ಪ್ರತಿಸಲ ಒಂದು ಶಬ್ದ ಕೇಳಿಸಿದ್ರೆ, ಆಮೇಲೆ ಬರೀ ಶಬ್ದಕ್ಕೇ ನಾಯಿ ಜೊಲ್ಲು ಸುರಿಸುತ್ತೆ. ಅದನ್ನೇ ಭಯಕ್ಕೂ ಬಳಸಬಹುದು.

ನನ್ನ ಹತ್ರ ಪಾಡ್‌ಕಾಸ್ಟ್ ಮೈಕ್ ಇತ್ತಲ್ಲ, ನಮ್ಮ ಕುಕ್ಕರ್ ವಿಷಲ್ಲನ್ನೇ ರೆಕಾರ್ಡ್ ಮಾಡಿದೆ. ಫೋನಲ್ಲಿ ತೀರಾ ಸಣ್ಣ ವಾಲ್ಯೂಮ್. ರಾಗಿ ಕಿವಿ ನಿಮಿರಬೇಕು, ಆದರೆ ಹೆದರಬಾರದು, ಅಷ್ಟೇ. ವಿಷಲ್ ಕೇಳಿಸ್ತು, ಉಪ್ಪು ಮಸಾಲೆ ಇಲ್ಲದ ಬೇಯಿಸಿದ ಚಿಕನ್ ಒಂದು ಚೂರು. ದಿನಕ್ಕೆ ಎರಡು ಸಲ, ಐದೈದು ನಿಮಿಷ. ಕೆಲವು ದಿನಕ್ಕೊಮ್ಮೆ ಒಂದೇ ಒಂದು ಪಾಯಿಂಟ್ ವಾಲ್ಯೂಮ್ ಜಾಸ್ತಿ. ಅವಳು ಹೆದರಿದ್ರೆ ಮತ್ತೆ ಕಡಿಮೆ.

ನಾನು ಮಾಡಿದ ತಪ್ಪು: ಮೊದಲ ವಾರ ಚಿಕನ್ ತೋರಿಸಿ ಆಮೇಲೆ ವಿಷಲ್ ಹಾಕ್ತಿದ್ದೆ. ಆಗ ಏನಾಯ್ತು? ಚಿಕನ್ ನೋಡಿದ್ರೇ ಅನುಮಾನ ಶುರು! ಕ್ರಮ ಮುಖ್ಯ, ಮೊದಲು ಶಬ್ದ, ಆಮೇಲೆ ತಿಂಡಿ. ಈ ಮಧ್ಯೆ ಮನೇಲಿ ನಿಜವಾದ ವಿಷಲ್ ಕೂಗೋ ಹೊತ್ತಿಗೆ ನಾನು ಅವಳನ್ನ ಕೆಳಗೆ ಕರ್ಕೊಂಡು ಹೋಗ್ತಿದ್ದೆ. ಇಲ್ಲಾಂದ್ರೆ ಒಂದು ಕಡೆ ಭಯ ಇಳಿಸಿ ಇನ್ನೊಂದು ಕಡೆ ಏರಿಸಿದ ಹಾಗಾಗುತ್ತೆ.

ತಿಂಗಳ ಕೊನೆಗೆ ಪೂರ್ತಿ ಗುಣ ಏನೂ ಆಗಿರಲಿಲ್ಲ. ಆದರೆ ರಾಗಿ ಮತ್ತೆ ಗುರ್ ಅನ್ನೋಕೆ ಶುರು ಮಾಡಿದಳು. ನನಗೆ ಅದು ಒಳ್ಳೇ ಸುದ್ದಿ. ಅಮ್ಮನಿಗೆ ವಿವರಿಸಿದೆ. "ಸರಿ, ಗುರ್ ಅಂದ್ರೆ ನಾನು ಕೈ ಹಾಕಲ್ಲ" ಅಂದರು. ಅವತ್ತು ರಾಗಿ ಉಳಿದಳು. ಪೂರ್ತಿ ನಾಲ್ಕು ತಿಂಗಳು ಹಿಡೀತು.

ಲೆಕ್ಕ

ಆಮೇಲೆ ಒಂದು ವರ್ಷ ಶನಿವಾರ, ಭಾನುವಾರ ಒಬ್ಬ ಅನುಭವಿ ಟ್ರೇನರ್ ಜೊತೆ ಹೋದೆ. ಅಲ್ಲಿ ಗೊತ್ತಾಗಿದ್ದು, ಈ ಕೆಲಸದಲ್ಲಿ ಕಲಿಸೋದು ಹೆಚ್ಚಾಗಿ ಮನುಷ್ಯರಿಗೆ. ನಾನಿರೋದು ವಾರಕ್ಕೆ ಒಂದು ಗಂಟೆ. ಉಳಿದ ಹೊತ್ತೆಲ್ಲ ನಾಯಿ ಇರೋದು ಅಜ್ಜಿ, ಮಕ್ಕಳು, ಮನೆಗೆಲಸದ ಅಕ್ಕನ ಜೊತೆ. ಅವರಿಗೆ ಬೇಜಾರಾಗದ ಹಾಗೆ ಹೇಳಿಕೊಡೋಕೆ ಬರದಿದ್ರೆ ನಾಯಿ ಪ್ರೀತಿ ಉಪಯೋಗಕ್ಕೆ ಬರಲ್ಲ.

ನಾನು ಬಿಕಾಂ, ಹಾಗಾಗಿ ದುಡ್ಡಿನ ವಿಷಯ ನೇರವಾಗಿ. ಆಫೀಸಲ್ಲಿ ಕೈಗೆ ಬರ್ತಿದ್ದಿದ್ದು 34,000 ರೂಪಾಯಿ. ಕೆಲಸ ಬಿಟ್ಟ ಮೊದಲ ತಿಂಗಳು ಸಿಕ್ಕಿದ್ದು 11 ಸೆಷನ್, ಒಂದಕ್ಕೆ 1,200. ಅಂದ್ರೆ 13,200. ಪೆಟ್ರೋಲ್ 2,400, ಚಿಕನ್ ಮತ್ತೆ ಸಾಮಾನು 1,100. ಉಳಿದಿದ್ದು 9,700. "ನಾಯಿಗೆ ಪಾಠ ಹೇಳೋಕೆ ಬಿಕಾಂ ಓದಿದ್ಯಾ?" ಅಂತ ದೊಡ್ಡಪ್ಪ ಕೇಳಿದ್ದು ಆ ತಿಂಗಳೇ.

ಈಗ ಪರವಾಗಿಲ್ಲ, ಆದರೆ ಮಿತಿ ಇದೆ. ಬೆಂಗಳೂರು ಟ್ರಾಫಿಕ್‌ನಲ್ಲಿ ದಿನಕ್ಕೆ ಮೂರು ಮನೆಗಿಂತ ಜಾಸ್ತಿ ಆಗಲ್ಲ. ಮಳೆ ಬಂದ್ರೆ ಕ್ಯಾನ್ಸಲ್, ನೆಂಟರು ಬಂದ್ರೆ ಕ್ಯಾನ್ಸಲ್. ಅದಕ್ಕೇ ಈಗ ಆರು ಸೆಷನ್ ಪ್ಯಾಕೇಜ್, ಅರ್ಧ ಅಡ್ವಾನ್ಸ್. ಸೇವೆಗಳಿಗೆ ವರ್ಷದ ವಹಿವಾಟು 20 ಲಕ್ಷ ದಾಟೋವರೆಗೆ ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿ ಬೇಕಿಲ್ಲ. ಆದರೂ ಮೊದಲ ದಿನದಿಂದಲೇ ಬಿಲ್ ಕೊಡಿ, ಬೇರೆ ಬ್ಯಾಂಕ್ ಖಾತೆ ಇಡಿ.

ಹಾಗಾದ್ರೆ ಬಿಡ್ಲಾ?

ಇವತ್ತೇ ಬೇಡ. ಮೊದಲು ನಿಮ್ಮದಲ್ಲದ ನಾಯಿಗಳ ಜೊತೆ ಗಂಟೆ ಲೆಕ್ಕ ಶುರು ಮಾಡಿ. ನಮ್ಮಲ್ಲಿ ಲೈಸೆನ್ಸ್ ಇಲ್ಲದೆ ಯಾರು ಬೇಕಾದ್ರೂ ಟ್ರೇನರ್ ಅಂತ ಬೋರ್ಡ್ ಹಾಕಬಹುದು. ನನ್ನ ಅಮ್ಮನ ಕೈಯಲ್ಲಿರೋ ಗುರುತು ಅದರಿಂದಲೇ ಬಂದಿದ್ದು. ಅಮೆರಿಕದ ಸಿಪಿಡಿಟಿ-ಕೆಎ ಪರೀಕ್ಷೆ ಬರೆಯೋಕೇ 300 ಗಂಟೆ ಕಲಿಸಿದ ಅನುಭವ ಕೇಳ್ತಾರೆ. ಆ ಪರೀಕ್ಷೆ ಬರೀರಿ, ಬಿಡಿ, ಆ ಅಳತೆ ಮಾತ್ರ ಇಟ್ಟುಕೊಳ್ಳಿ. ಆರು ತಿಂಗಳ ಖರ್ಚು ಬ್ಯಾಂಕಲ್ಲಿರಲಿ. ಕಚ್ಚೋಕೆ ಮುಂಚೆಯೇ ತಗೊಳ್ಳೋ ರೇಬಿಸ್ ಲಸಿಕೆ ಬಗ್ಗೆ ಡಾಕ್ಟರ್‌ನ ಕೇಳಿ. ಇಷ್ಟಾದ ಮೇಲೂ ಆಸೆ ಹಾಗೇ ಇದ್ರೆ, ಬನ್ನಿ.

ರಾಗಿ ಈಗ ಹೇಗಿದ್ದಾಳೆ? ದೀಪಾವಳಿ ಪಟಾಕಿಗೆ ಇನ್ನೂ ಬಾತ್‌ರೂಮಲ್ಲೇ ಕೂರ್ತಾಳೆ. ಆದರೆ ಇವತ್ತು ಬೆಳಗ್ಗೆ ಕುಕ್ಕರ್ ಮೂರು ಸಲ ಕೂಗ್ತು. ಅಡುಗೆಮನೆ ಬಾಗಿಲಿಗೆ ಬಂದು ಕೂತಳು. ಅಮ್ಮ ಒಂದು ಚೂರು ಕ್ಯಾರೆಟ್ ಕೊಟ್ಟು, ಕೈ ಬೇಗ ಹಿಂದಕ್ಕೆ ತಗೊಂಡರು. ಅವರಿಗೂ ಇನ್ನೂ ಸ್ವಲ್ಪ ಟೈಮ್ ಬೇಕು.

ನಿಮ್ಮ ನಾಯಿಗೆ ಯಾವ ಶಬ್ದ ಅಂದ್ರೆ ಭಯ ಅಂತ ವಾಯ್ಸ್ ನೋಟ್ ಕಳಿಸಿ. ಮುಂದಿನ ವಾರ ಅದರಲ್ಲೇ ಒಂದನ್ನ ತಗೊಂಡು ಮಾತಾಡೋಣ. ಬರ್ಲಾ?