ಪಲ್ಲಟಕಾರಿ ನಾವೀನ್ಯವೆಂಬ ಸಿದ್ಧಾಂತವೂ ಅದರ ಪರೀಕ್ಷೆಯೂ

ಕೆಲವು ವರ್ಷಗಳಿಂದ ನಮ್ಮ ಶಾಲೆಗೆ ಬರುವ ತಂದೆತಾಯಿಗಳಲ್ಲಿ ಹಲವರು ಒಂದೇ ಪ್ರಶ್ನೆಯನ್ನು ನಮ್ಮ ಮುಂದಿಡುತ್ತಿರುವರು. ಇನ್ನು ಮುಂದೆ ಪಾಠಗಳೆಲ್ಲವೂ ಕೈಯೊಳಗಿನ ಯಂತ್ರದಲ್ಲಿಯೇ ದೊರೆಯುವದರಿಂದ ನಮ್ಮಂಥ ಶಾಲೆಗಳಿಗೆ ‘ಡಿಸ್ರಪ್ಷನ್’ ತಪ್ಪದೆಂದು ಓದಿದೆವು, ಅದು ದಿಟವೋ ಎಂಬದೇ ಆ ಪ್ರಶ್ನೆ. ಬೆಂಗಳೂರಿನ ಕಂಪೆನಿಗಳಲ್ಲಿ ಉದ್ಯೋಗದಲ್ಲಿರುವ ನಮ್ಮ ಪೂರ್ವ ವಿದ್ಯಾರ್ಥಿನಿಯರ ಬಾಯಲ್ಲಿಯೂ ಈ ಮಾತು ಉಪ್ಪಿನಂತೆ ಎಲ್ಲದರಲ್ಲಿಯೂ ಬೆರೆತುಬರುವದು. ಹೆದರುವದಕ್ಕೆ ಮೊದಲು ಮಾತಿನ ಅರ್ಥವನ್ನು ತಿಳಿಯುವದು ಲೇಸು. ಆದ ಕಾರಣ ಪಂಡಿತರು ಇದನ್ನು ಕುರಿತು ಏನನ್ನು ಶೋಧಿಸಿರುವರೆಂಬದನ್ನು ವಾಚಕರಿಗೆ ಇಲ್ಲಿ ಅರಿಕೆಮಾಡುವೆವು. ಇಂಗ್ಲಿಷಿನ ‘ಡಿಸ್ರಪ್ಟಿವ್ ಇನ್ನೊವೇಶನ್’ ಎಂಬದನ್ನು ನಾವು ಪಲ್ಲಟಕಾರಿ ನಾವೀನ್ಯವೆಂದು ಕರೆದಿರುವೆವು. ಇದಕ್ಕಿಂತ ಒಳ್ಳೆಯ ಪದವನ್ನು ಸೂಚಿಸುವವರಿಗೆ ಋಣಿಗಳಾಗಿರುವೆವು.

ಈ ಸಿದ್ಧಾಂತದ ಕರ್ತೃ ಅಮೇರಿಕದ ಹಾರ್ವರ್ಡ್ ಬಿಸಿನೆಸ್ ಸ್ಕೂಲಿನಲ್ಲಿ ಪ್ರಾಧ್ಯಾಪಕರಾಗಿದ್ದ ಕ್ಲೇಟನ್ ಕ್ರಿಸ್ಟೆನ್ಸನ್ (೧೯೫೨–೨೦೨೦). ಅವರು ೧೯೯೫ರಲ್ಲಿ ಜೋಸೆಫ್ ಬೋವರ್ ಎಂಬವರೊಡನೆ ಹಾರ್ವರ್ಡ್ ಬಿಸಿನೆಸ್ ರಿವ್ಯೂ ಪತ್ರಿಕೆಯಲ್ಲಿ ಒಂದು ಲೇಖನವನ್ನು ಬರೆದು, ೧೯೯೭ರಲ್ಲಿ ‘ದಿ ಇನ್ನೊವೇಟರ್ಸ್ ಡೈಲೆಮಾ’ ಎಂಬ ಗ್ರಂಥವನ್ನು ಹೊರಪಡಿಸಿದರು. ಅನುವಂಶಿಕತೆಯನ್ನು ಪರಿಶೋಧಿಸುವವರು ಹಣ್ಣಿನ ನೊಣವನ್ನು ಆರಿಸಿಕೊಳ್ಳುವರೆಂಬದನ್ನು ವಿಜ್ಞಾನ ಓದಿದ ನಮ್ಮ ಹುಡುಗಿಯರು ಬಲ್ಲರು. ಅದರ ತಲೆಮಾರುಗಳು ಬೇಗ ಕಳೆಯುವವಷ್ಟೆ. ಅದೇ ಕಾರಣದಿಂದ ಕ್ರಿಸ್ಟೆನ್ಸನ್ನರು ಗಣಕಯಂತ್ರಗಳಲ್ಲಿ ಮಾಹಿತಿಯನ್ನು ಕೂಡಿಡುವ ಡಿಸ್ಕ್ ಡ್ರೈವ್ ಉದ್ಯಮವನ್ನು ಆರಿಸಿಕೊಂಡರು. ಅಲ್ಲಿ ಹದಿನಾಲ್ಕು ಇಂಚಿನ ತಟ್ಟೆ ಹೋಗಿ ಎಂಟು ಇಂಚಿನದು, ಅದು ಹೋಗಿ ಐದೂಕಾಲು, ಬಳಿಕ ಮೂರೂವರೆ ಇಂಚಿನದು ಬಂದವು. ಪ್ರತಿಯೊಂದು ಸಣ್ಣ ತಟ್ಟೆಯೂ ಮೊದಲು ಬಂದಾಗ ಅದರಲ್ಲಿ ಹಿಡಿಯುವ ಮಾಹಿತಿ ಕಡಿಮೆ. ದೊಡ್ಡ ಯಂತ್ರಗಳನ್ನು ಕೊಳ್ಳುವವರಿಗೆ ಅದು ಬೇಡವಾಗಿತ್ತು. ಹಳೆಯ ಕಂಪೆನಿಗಳು ಆ ಗಿರಾಕಿಗಳ ಮಾತನ್ನು ಕೇಳಿ ದೊಡ್ಡ ತಟ್ಟೆಯನ್ನೇ ಉತ್ತಮಪಡಿಸುತ್ತ ಹೋದವು. ಹೊಸಬರು ಸಣ್ಣ ಯಂತ್ರಗಳನ್ನು ಮಾಡುವವರಿಗೆ ಸಣ್ಣ ತಟ್ಟೆಯನ್ನು ಮಾರಿ, ವರ್ಷವರ್ಷಕ್ಕೂ ಸುಧಾರಿಸಿ, ಕಡೆಗೆ ದೊಡ್ಡವರ ಗಿರಾಕಿಗಳನ್ನೂ ಸೆಳೆದುಕೊಂಡರು.

ಉಕ್ಕಿನ ಉದಾಹರಣೆಯು ಇನ್ನೂ ತಿಳಿಯಾಗಿರುವದು. ಅದಿರಿನಿಂದ ಉಕ್ಕನ್ನು ಮಾಡುವ ಅಮೇರಿಕದ ಬೃಹತ್ ಕಾರ್ಖಾನೆಗಳ ಪಕ್ಕದಲ್ಲಿ, ಹಳೆಯ ಗುಜರಿ ಕಬ್ಬಿಣವನ್ನು ವಿದ್ಯುತ್ ಕುಲುಮೆಯಲ್ಲಿ ಕರಗಿಸುವ ‘ಮಿನಿಮಿಲ್’ಗಳು ತಲೆಯೆತ್ತಿದವು. ಅವುಗಳ ಉಕ್ಕು ಮೊದಲು ಕೀಳು ತರದ್ದು. ಕಾಂಕ್ರೀಟಿನೊಳಗೆ ಹುದುಗಿಸುವ ಕಂಬಿಗಲ್ಲದೆ ಬೇರಾವುದಕ್ಕೂ ಬಾರದು. ಕಂಬಿಯ ವ್ಯಾಪಾರದಲ್ಲಿ ಲಾಭವು ಎಲ್ಲಕ್ಕಿಂತ ಕಡಿಮೆಯಾದುದರಿಂದ ದೊಡ್ಡ ಕಾರ್ಖಾನೆಗಳು ಪೀಡೆ ಕಳೆಯಿತೆಂದು ಅದನ್ನು ಬಿಟ್ಟುಕೊಟ್ಟವು. ಬಿಟ್ಟ ವರ್ಷ ಅವುಗಳ ಲಾಭವು ಹೆಚ್ಚಿಯೂ ಕಂಡಿತು. ಅನಂತರ ಮಿನಿಮಿಲ್ಲುಗಳು ಪಟ್ಟಿ ಸರಳುಗಳಿಗೂ, ತರುವಾಯ ಕಟ್ಟಡದ ತೊಲೆಗಳಿಗೂ ಏರಿದವು. ೧೯೮೯ರಲ್ಲಿ ನ್ಯೂಕೋರ್ ಎಂಬ ಕಂಪೆನಿಯು ಇಂಡಿಯಾನ ಪ್ರಾಂತದ ಕ್ರಾಫರ್ಡ್ಸ್‌ವಿಲ್ಲಿನಲ್ಲಿ ತಗಡನ್ನೂ ಮಾಡಲಾರಂಭಿಸಿತು. ಪ್ರತಿ ಮೆಟ್ಟಿಲಲ್ಲಿಯೂ ದೊಡ್ಡವರ ಲೆಕ್ಕವು ಸರಿಯೇ, ಒಟ್ಟು ಪರಿಣಾಮ ಮಾತ್ರ ಸೋಲು. ಸೋಮಾರಿತನದಿಂದಲ್ಲ, ಒಳ್ಳೆಯ ಆಡಳಿತದಿಂದಲೇ ಸಂಸ್ಥೆಗಳು ಕೆಡಬಹುದೆಂಬ ಈ ವಿಚಿತ್ರ ನುಡಿಯೇ ಸಿದ್ಧಾಂತದ ಜೀವಾಳ. ನಮಗೆ ಇದರಲ್ಲಿ ಬೆಲೆಯುಳ್ಳದ್ದಾಗಿ ತೋರುವದೂ ಅದೇ.

ಹೀಗಿರಲಾಗಿ, ೨೦೦೩ರಲ್ಲಿ ಮೈಕೆಲ್ ರೇನರರೊಡನೆ ಬರೆದ ಎರಡನೆಯ ಗ್ರಂಥದಲ್ಲಿ ಕ್ರಿಸ್ಟೆನ್ಸನ್ನರು ಪಲ್ಲಟಕಾರಿ ‘ತಂತ್ರ’ವೆಂಬ ತಮ್ಮ ಮೊದಲಿನ ಹೆಸರನ್ನು ಬಿಟ್ಟು ‘ನಾವೀನ್ಯ’ವೆಂದರು, ಪಲ್ಲಟವಾಗುವದು ಯಂತ್ರದಿಂದಲ್ಲ, ವ್ಯಾಪಾರದ ಕ್ರಮದಿಂದ ಎಂಬದು ಅವರ ವಾದ. ಬಾಗಿಲು ಅಗಲವಾಯಿತು, ಒಳಗೆ ಬರಬಾರದವೂ ಬಂದವು. ಹೊಸದಾದ ಯಾವುದನ್ನೇ ಆಗಲಿ ಪತ್ರಿಕೆಗಳವರೂ ವರ್ತಕರೂ ಇದೇ ಹೆಸರಿನಿಂದ ಕರೆಯತೊಡಗಿದರು.

ವಿದ್ವಾಂಸರು ಸುಮ್ಮನಿರಲಿಲ್ಲ. ೨೦೦೨ರಲ್ಲಿ ಆಂಡ್ರೂ ಕಿಂಗ್, ಕ್ರಿಸ್ಟೊಫರ್ ಟುಚ್ಚಿ ಎಂಬವರು ಅದೇ ಡಿಸ್ಕ್ ಡ್ರೈವ್ ಉದ್ಯಮವನ್ನೇ ಪುನಃ ಪರಿಶೀಲಿಸಿ, ಹಳೆಯ ಮಾರುಕಟ್ಟೆಯಲ್ಲಿ ಹೆಚ್ಚು ಅನುಭವವುಳ್ಳ ಕಂಪೆನಿಗಳೇ ಹೊಸ ಮಾರುಕಟ್ಟೆಯನ್ನು ಹೊಗುವ ಸಂಭವವು ಹೆಚ್ಚೆಂದು ತೋರಿಸಿದರು. ಅನುಭವವು ಕಾಲಿಗೆ ಕಟ್ಟಿದ ಗುಂಡಲ್ಲವೆಂದು ಇದರ ಅರ್ಥ. ೨೦೦೪ರಲ್ಲಿ ಅರ್ವಿನ್ ಡ್ಯಾನೀಲ್ಸ್ ಎಂಬ ವಿಮರ್ಶಕರು ಮೂಲಕ್ಕೇ ಕೈಹಾಕಿದರು: ಪಲ್ಲಟಕಾರಿಯಾದುದನ್ನು ಪಲ್ಲಟವಾದ ಮೇಲಲ್ಲದೆ ಮುಂಚಿತವಾಗಿ ಗುರುತಿಸುವ ಲಕ್ಷಣವೇನು? ೨೦೧೪ರಲ್ಲಿ ಹಾರ್ವರ್ಡಿನವರೇ ಆದ ಇತಿಹಾಸಕಾರಿಣಿ ಜಿಲ್ ಲಪೋರ್ ಅವರು ನ್ಯೂಯಾರ್ಕರ್ ಪತ್ರಿಕೆಯಲ್ಲಿ ಕಟುವಾದ ಲೇಖನವೊಂದನ್ನು ಬರೆದು, ಉದಾಹರಣೆಗಳನ್ನು ಆರಿಸಿಕೊಂಡ ರೀತಿಯನ್ನೇ ಸಂಶಯಿಸಿದರು.

ಆದರೆ ಇವೆಲ್ಲಕ್ಕಿಂತ ತೂಕವುಳ್ಳದ್ದು, ಅದೇ ಕಿಂಗರು ಬಲ್ಜಿರ್ ಬಾತಾರ್ತೊಗ್ತೊಖ್ ಎಂಬವರೊಡನೆ ೨೦೧೫ರಲ್ಲಿ ಎಂಐಟಿ ಸ್ಲೋನ್ ಮ್ಯಾನೇಜ್‌ಮೆಂಟ್ ರಿವ್ಯೂ ಪತ್ರಿಕೆಯಲ್ಲಿ ಪ್ರಕಟಿಸಿದ ಪರೀಕ್ಷೆ. ಕ್ರಿಸ್ಟೆನ್ಸನ್ನರ ಗ್ರಂಥಗಳೆರಡರಲ್ಲಿ ಬರುವ ೭೭ ಉದಾಹರಣೆಗಳನ್ನು ತೆಗೆದುಕೊಂಡು, ಆಯಾ ಉದ್ಯಮವನ್ನು ಬಲ್ಲ ತಜ್ಞರನ್ನು ಕೇಳಿದರು. ಹಳೆಯ ಕಂಪೆನಿಯು ತನ್ನ ಸರಕನ್ನು ಸುಧಾರಿಸುತ್ತಲಿತ್ತೇ? ಸುಧಾರಣೆಯು ಗಿರಾಕಿಗಳ ಅಗತ್ಯವನ್ನು ಮೀರಿತ್ತೇ? ಎದುರಿಸುವ ಶಕ್ತಿಯಿದ್ದೂ ಸುಮ್ಮನಿತ್ತೇ? ಅದರಿಂದಲೇ ಕೆಟ್ಟಿತೇ? ಈ ನಾಲ್ಕೂ ಕೂಡಿಬಂದ ಉದಾಹರಣೆಗಳು ಏಳೇ ಏಳು, ಅಂದರೆ ನೂರಕ್ಕೆ ಒಂಬತ್ತು. ಗಿರಾಕಿಗೆ ಬೇಕಾದುದಕ್ಕಿಂತ ಸರಕು ಹೆಚ್ಚು ಉತ್ತಮವಾಯಿತೆಂಬ ಮಾತಂತೂ ಬಹುಪಾಲು ಉದಾಹರಣೆಗಳಿಗೆ ಒಪ್ಪಲಿಲ್ಲ. ಆದರೂ ಈ ಪರೀಕ್ಷಕರು ಸಿದ್ಧಾಂತವನ್ನು ಕಸದ ಬುಟ್ಟಿಗೆ ಎಸೆಯಲಿಲ್ಲ. ಇದು ಎಚ್ಚರಿಕೆಯ ಕಥೆಯಾಗಿ ಉಪಯುಕ್ತವೇ, ವಿವೇಚನೆಗೆ ಬದಲಾಗಿ ನಿಲ್ಲಲಾರದು ಎಂದರು.

ಅದೇ ವರ್ಷ ಕ್ರಿಸ್ಟೆನ್ಸನ್ನರು, ಜನರು ತಮ್ಮ ಗ್ರಂಥವನ್ನು ಓದದೆಯೇ ಪದವನ್ನು ಬಳಸುತ್ತಿರುವರೆಂದು ದೂರಿ ಅರ್ಥವನ್ನು ಬಿಗಿಮಾಡಿದರು. ಕೆಳದರ್ಜೆಯ ಗಿರಾಕಿಗಳಿಂದಲೋ ಮೊದಲು ಗಿರಾಕಿಗಳೇ ಆಗಿರದವರಿಂದಲೋ ಹೊರಟು ಮೇಲಕ್ಕೇರಿದರೆ ಮಾತ್ರ ಪಲ್ಲಟಕಾರಿ. ಇದರಂತೆ ಅಂಚೆಯ ಮೂಲಕ ಚಲಚ್ಚಿತ್ರದ ತಟ್ಟೆಗಳನ್ನು ಕಳುಹಿಸಲು ತೊಡಗಿದ ನೆಟ್‌ಫ್ಲಿಕ್ಸ್ ಪಲ್ಲಟಕಾರಿಯೇ. ಊಬರ್ ಅಲ್ಲ, ಏಕೆಂದರೆ ಅದು ಟ್ಯಾಕ್ಸಿ ಹತ್ತುವ ರೂಢಿಯಿದ್ದವರಿಂದಲೇ ಆರಂಭಿಸಿತು. ಸಿದ್ಧಾಂತವನ್ನು ಕಾಯುವದು ಕರ್ತೃವಿನ ಹಕ್ಕು, ಒಪ್ಪುವೆವು. ಆದರೆ ೨೦೦೭ರಲ್ಲಿ ಇದೇ ಸಿದ್ಧಾಂತವನ್ನು ನೆಚ್ಚಿ, ಆ್ಯಪಲ್ ಕಂಪೆನಿಯ ಐಫೋನ್ ಗೆಲ್ಲಲಾರದೆಂದು ಅವರು ನುಡಿದಿದ್ದರು. ಗೆದ್ದ ಬಳಿಕ, ಅದು ಫೋನನ್ನಲ್ಲ, ಮಡಿಲಿನ ಗಣಕಯಂತ್ರವನ್ನು ಪಲ್ಲಟಗೊಳಿಸಿತೆಂದು ವಿವರಿಸಲಾಯಿತು. ಉತ್ತರ ತಪ್ಪಾದಾಗ ಪ್ರಶ್ನೆಯನ್ನು ತಿದ್ದುವ ಹುಡುಗಿಯರನ್ನು ನಮ್ಮ ತರಗತಿಗಳಲ್ಲಿಯೂ ಕಂಡಿರುವೆವು.

ಇನ್ನು ಶಾಲೆಗಳ ಮಾತು. ೨೦೦೮ರಲ್ಲಿ ಕ್ರಿಸ್ಟೆನ್ಸನ್ನರು ಇಬ್ಬರು ಸಹಲೇಖಕರೊಡನೆ ‘ಡಿಸ್ರಪ್ಟಿಂಗ್ ಕ್ಲಾಸ್’ ಎಂಬ ಗ್ರಂಥವನ್ನು ಪ್ರಕಟಿಸಿ, ೨೦೧೯ರೊಳಗೆ ಅಮೇರಿಕದ ಪ್ರೌಢಶಾಲೆಗಳ ಪಾಠಕ್ರಮಗಳಲ್ಲಿ ಅರ್ಧದಷ್ಟು ಆನ್‌ಲೈನಿನಲ್ಲಿ ನಡೆಯುವವೆಂದು ಭವಿಷ್ಯ ನುಡಿದರು. ತಮ್ಮ ಶಾಲೆಯಲ್ಲಿ ಒಂದು ವಿಷಯಕ್ಕೆ ಉಪಾಧ್ಯಾಯರೇ ಇಲ್ಲದ ಮಕ್ಕಳಿಗೆ ಮೊದಲು ಯಂತ್ರಪಾಠವು ದೊರೆತು, ಕ್ರಮೇಣ ಮೇಲೇರುವದೆಂಬದು ಅವರ ತರ್ಕ. ತರ್ಕದಲ್ಲಿ ದೋಷವೇನೂ ಕಾಣದು. ೨೦೧೯ ಬಂದಿತು, ಮಾತು ಫಲಿಸಲಿಲ್ಲ. ಮರುವರ್ಷ ಮಹಾಮಾರಿಯು ಬಂದು ಜಗತ್ತಿನ ಶಾಲೆಗಳನ್ನೆಲ್ಲ ಮುಚ್ಚಿಸಿದಾಗ ಯಂತ್ರಪಾಠವು ನಮ್ಮೂರಿನ ಮನೆಗಳಿಗೂ ಬಂದಿತು. ಆದರೆ ಅದನ್ನು ತಂದುದು ನಿರ್ಬಂಧ, ಮೆಟ್ಟಿಲೇರುವ ವ್ಯಾಪಾರವಲ್ಲ. ಬಾಗಿಲು ತೆರೆದೊಡನೆ ಮಕ್ಕಳು ಬೆಂಚುಗಳಿಗೆ ಮರಳಿದರು. ಇದರಿಂದ ಶಾಲೆಗಳು ಶಾಶ್ವತವೆಂದು ಸಾಧಿಸಿದಂತಾಗದು. ತಾಯಿತಂದೆಗಳು ಈ ಹೆಸರಿಗೆ ಹೆದರಿ ದುಬಾರಿ ಯಂತ್ರಪಾಠಗಳಿಗೆ ಸಾಲಮಾಡಿ ಹಣ ಕಟ್ಟಲು ಇಷ್ಟು ಆಧಾರ ಸಾಲದೆಂದಷ್ಟೇ ನಮ್ಮ ಅಭಿಪ್ರಾಯ.

೨೦೧೮ರಲ್ಲಿ ಕ್ರಿಸ್ಟೆನ್ಸನ್ನರೂ ಅವರ ಸಹೋದ್ಯೋಗಿಗಳೂ ಜರ್ನಲ್ ಆಫ್ ಮ್ಯಾನೇಜ್‌ಮೆಂಟ್ ಸ್ಟಡೀಸ್ ಪತ್ರಿಕೆಯಲ್ಲಿ ಸಿದ್ಧಾಂತದ ಚರಿತ್ರೆಯನ್ನು ಬರೆದು, ಮುಂದೆ ಶೋಧಿಸಬೇಕಾದುದನ್ನೂ ಸೂಚಿಸಿದರು: ಹಳೆಯ ಕಂಪೆನಿಗಳು ಹೇಗೆ ಎದುರಿಸಬಹುದು, ಹೊಸ ಸರಕು ಯಾವ ವೇಗದಲ್ಲಿ ಉತ್ತಮವಾಗುವದು, ಇದನ್ನೆಲ್ಲ ಅಳೆಯುವದು ಹೇಗೆ ಎಂಬಿವು. ಡ್ಯಾನೀಲ್ಸರ ಪ್ರಶ್ನೆಗೆ ಸರ್ವರೂ ಒಪ್ಪುವ ಅಳತೆಗೋಲು ಇನ್ನೂ ದೊರೆತಿಲ್ಲ. ವಾಣಿಜ್ಯಶಾಸ್ತ್ರವನ್ನು ಓದುತ್ತಿರುವ ನಮ್ಮ ಪೂರ್ವ ವಿದ್ಯಾರ್ಥಿನಿಯರು ೧೯೯೭ರ ಗ್ರಂಥದ ಡಿಸ್ಕ್ ಡ್ರೈವ್ ಪ್ರಕರಣವನ್ನೂ ೨೦೧೫ರ ಕಿಂಗರ ಪರೀಕ್ಷೆಯನ್ನೂ ಎದುರುಬದುರಾಗಿ ಇಟ್ಟುಕೊಂಡು, ಮೊದಲು ಗ್ರಂಥವನ್ನೇ ಓದಲಿ.